ಅಪ್‌ಡೇಟ್: ವರ್ಷಕ್ಕೆ 24 ಕಾದಂಬರಿ ಓದುವ ಗುರಿ ಏನಾಯ್ತು
ಹದಿನೈದು ದಿನದ ಹಿಂದೆ ಕೇಳಿದ್ದೆನಲ್ಲ, ವರ್ಷಕ್ಕೆ 24 ಕಾದಂಬರಿ ಅಂತ ಹೊರಟವನು ಆಗಸ್ಟ್ ಬಂದರೂ ಐದರಲ್ಲೇ ನಿಂತಿದ್ದೇನೆ, ಏನು ಮಾಡಲಿ ಅಂತ.

ನೀವೆಲ್ಲ ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು ‘ಬೆಳಿಗ್ಗೆ ಫೋನ್ ಮುಟ್ಟುವ ಮೊದಲು 20 ಪುಟ ಓದಿ’ ಅನ್ನುವ ಸಲಹೆ. ಆಡಿಯೋ ಪುಸ್ತಕ ಆಗಲಿಲ್ಲ. ಮಡಿಕೇರಿ ಮಳೆ ಶೀಟಿನ ಮೇಲೆ ಬೀಳುವಾಗ ಪಕ್ಕದವರ ಮಾತೇ ಕೇಳಿಸುವುದಿಲ್ಲ! ಸಣ್ಣ ಪುಸ್ತಕ ಓದಿ ಲೆಕ್ಕ ಏರಿಸುವುದು ಸುಮ್ನೆ ಮೋಸ ಅನ್ನಿಸಿತು.

ಅರ್ಧಕ್ಕೆ ಬಿಟ್ಟಿದ್ದ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಮುಗಿಸಿದೆ. ತೇಜೋ ಅಂದರೆ ಪೋರ್ಚುಗಲ್ ರಾಜಧಾನಿ ಲಿಸ್ಬನ್ನಿನ ನದಿ, ನಾನು ಹೆಸರು ನೋಡಿ ಯಾರೋ ಹುಡುಗಿ ಅಂದುಕೊಂಡು ಕೊಂಡಿದ್ದೆ. ಪೋರ್ಚುಗೀಸರು ಅಷ್ಟು ದೂರದಿಂದ ಹಡಗು ಹತ್ತಿದ್ದು ಒಳ್ಳೆಮೆಣಸಿನ ಆಸೆಗೆ, ಅದೇ ಬಳ್ಳಿ ನಮ್ಮ ತೋಟದ ಸಿಲ್ವರ್ ಮರಕ್ಕೆ ಹಬ್ಬಿದೆ, ಈಗ ಅದನ್ನು ನೋಡುವುದೇ ಬೇರೆ ಥರ. ಗುರಿ 12ಕ್ಕೆ ಇಳಿಸಿದೆ. ನಿನ್ನೆ ಏಳನೆಯದು ಶುರು.