ದೊಡ್ಡಪ್ಪನ ಪಂಪ್, ಕಾಕಾನ ಮಷಿನ್

ಮುಧೋಳದಲ್ಲಿ ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಡುತ್ತಿದ್ದಾರೆ. ಆ ಹೊಗೆಗೆ ಅಸ್ತಮಾ ಇರುವ ದೊಡ್ಡಪ್ಪನಿಗೆ ಮೂರು ದಿನದಿಂದ ದಮ್ಮು ಜಾಸ್ತಿ. ಶನಿವಾರ ರಾತ್ರಿ ನಮ್ಮ ಮನೆತನದ ಗುಂಪಿನಲ್ಲಿ ನಡೆದದ್ದು ಇದು.

ಜಮಖಂಡಿ ಕಾಕಾ, 8:12
(ಫಾರ್ವರ್ಡ್ ವಿಡಿಯೋ: ‘ಪಂಪ್ ಎಸೆಯಿರಿ, ಮನೆಯಲ್ಲೇ ನೆಬ್ಯುಲೈಸರ್ ಇಡಿ!’ ಪಂಪ್ ಅಂದರೆ ಬಾಯಿಗಿಟ್ಟು ಒತ್ತಿ ಎಳೆಯುವ ಇನ್ಹೇಲರ್, ನೆಬ್ಯುಲೈಸರ್ ಅಂದರೆ ಔಷಧವನ್ನು ಮಂಜಿನಂತೆ ಮಾಡಿ ಮಾಸ್ಕ್‌ನಲ್ಲಿ ಕೊಡುವ ಮಷಿನ್.)
ಎಲ್ಲರೂ ನೋಡಿರಿ. ಅಣ್ಣನಿಗೆ ಇದೊಂದು ತರಿಸೋಣ. ತಲೆಗೆ 500 ಹಾಕಿದರೆ ಆಯಿತು.

ಬೆಳಗಾವಿ ಅತ್ತಿ, 8:15
ನನ್ನದೂ 500. ಆ ಪಂಪ್ ಒಮ್ಮೆ ಹಿಡಿದರೆ ಬಿಡಲು ಬರುವುದಿಲ್ಲವಂತೆ. ಚಟವೇ ಆಗುತ್ತದಂತೆ.

ನಾನು, 8:21
ಕಾಕಾ, ದುಡ್ಡು ಕೂಡಿಸುವ ಮೊದಲು ಒಂದು ಮಾತು. ಆ ಮಷಿನ್‌ಗೆ ಹಾಕುವುದೂ ಉಸಿರುನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧ, ದೊಡ್ಡಪ್ಪನ ನೀಲಿ ಪಂಪ್‌ನಲ್ಲಿ ಇರುವುದೂ ಅದೇ. ಅತ್ತಿ, ಪಂಪ್ ಚಟವಾದರೆ ಮಷಿನ್ನೂ ಚಟವೇ ಆಗಬೇಕಲ್ವಾ?

ಜಮಖಂಡಿ ಕಾಕಾ, 8:24
ನೀನು ಔಷಧ ಅಂಗಡಿಯಲ್ಲಿ ಪಂಪ್ ಮಾರುವವಳು, ಹಾಗೇ ಹೇಳುತ್ತೀ ತಾಯಿ. ಲೆಕ್ಕ ನೋಡು. ಪಂಪ್ ಒಮ್ಮೆ ಒತ್ತಿದರೆ 100 ಮೈಕ್ರೋಗ್ರಾಂ. ಮಷಿನ್‌ಗೆ ಒಂದು ಸಲಕ್ಕೆ 2.5 ಮಿಲಿಗ್ರಾಂ. 25 ಪಟ್ಟು! ಆಸ್ಪತ್ರೆಯವರು ಸುಮ್ನೆ ಹಚ್ಚುತ್ತಾರಾ?

ನಾನು, 8:31
ಲೆಕ್ಕ ಸರಿ ಇದೆ. (ಮಷಿನ್ ಮಾರಿದರೇ ಅಂಗಡಿಗೆ ಲಾಭ ಜಾಸ್ತಿ, ಅದಿರಲಿ.) ಆದರೆ ಆ 2.5ರಲ್ಲಿ ಬಹಳಷ್ಟು ಮಷಿನ್‌ನ ಬಟ್ಟಲಲ್ಲೇ ಉಳಿಯುತ್ತದೆ, ಇಲ್ಲವೇ ಗಾಳಿಗೆ ಹೋಗುತ್ತದೆ. ಮಾಸ್ಕ್ ಸುತ್ತ ಬಿಳಿ ಹೊಗೆ ಏಳುತ್ತದಲ್ಲ, ಅದೆಲ್ಲ ಎದೆಗೆ ಇಳಿಯದ ಔಷಧ.

ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧಕರ ಸಂಸ್ಥೆಯವರು 2013ರಲ್ಲಿ ಇದರ ಮೇಲಿನ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದ್ದಾರೆ. ಅಸ್ತಮಾ ಕೆರಳಿ ಬಂದವರಿಗೆ ಸ್ಪೇಸರ್ (ಪಂಪ್‌ಗೂ ಬಾಯಿಗೂ ನಡುವೆ ಇಡುವ ಡಬ್ಬಿ) ಹಚ್ಚಿದ ಪಂಪ್ ಕೊಟ್ಟರೂ ಅಷ್ಟೇ, ಮಷಿನ್ ಹಚ್ಚಿದರೂ ಅಷ್ಟೇ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದವರ ಪ್ರಮಾಣದಲ್ಲಿ ಹೆಚ್ಚು ಫರಕು ಇರಲಿಲ್ಲ. ಜೀವಕ್ಕೇ ಕುತ್ತು ಬಂದವರು ಮಾತ್ರ ಆ ಲೆಕ್ಕದಲ್ಲಿ ಇಲ್ಲ. ಅವರಿಗೆ ಆಕ್ಸಿಜನ್ ಜೊತೆ ಮಷಿನ್ ಬೇಕು, ಆದರೆ ಅದು ಆಸ್ಪತ್ರೆಯ ಕೆಲಸ.

ಜಮಖಂಡಿ ಕಾಕಾ, 8:33
ಹಾಗಾದರೆ ಅಣ್ಣನಿಗೆ ಪಂಪ್ ಯಾಕೆ ಹತ್ತುತ್ತಿಲ್ಲ? ದಿನಕ್ಕೆ ಎಂಟು ಹತ್ತು ಸಲ ಒತ್ತುತ್ತಾನೆ.

ನಾನು, 8:34
ನನ್ನ ಪ್ರಶ್ನೆಯೂ ಅದೇ. ತಮ್ಮಾ, ದೊಡ್ಡಪ್ಪ ಪಂಪ್ ತಗೊಳ್ಳುವುದನ್ನು ವಿಡಿಯೋ ಮಾಡಿ ಹಾಕು. ಏನೂ ಹೇಳಿಕೊಡಬೇಡ.

ಮುಧೋಳ ತಮ್ಮ, 8:46
(ವಿಡಿಯೋ, 22 ಸೆಕೆಂಡು)

ನಾನು, 8:53
ನಾಲ್ಕು ಸಲ ನೋಡಿದೆ. ಪಂಪ್ ಅಲುಗಾಡಿಸಲಿಲ್ಲ. ಮೊದಲು ಉಸಿರು ಪೂರ್ತಿ ಎಳೆದುಕೊಂಡರು, ಆಮೇಲೆ ಒತ್ತಿದರು. ಆಗ ಒಳಗೆ ಜಾಗವೆಲ್ಲಿದೆ? 9ನೇ ಸೆಕೆಂಡಿಗೆ ನಿಲ್ಲಿಸಿ ನೋಡಿ ಕಾಕಾ, ಔಷಧ ಮೀಸೆ ಮೇಲಿಂದ ಹೊರಗೆ ಹೋಗುತ್ತಿದೆ.

ಮೊದಲು ಉಸಿರು ಹೊರಗೆ ಬಿಡಬೇಕು. ನಿಧಾನವಾಗಿ ಎಳೆಯಲು ಶುರು ಮಾಡುತ್ತಲೇ ಒತ್ತಬೇಕು, ಎಳೆಯುತ್ತಲೇ ಇರಬೇಕು, ಆಮೇಲೆ 10 ಎಣಿಸುವ ತನಕ ಹಿಡಿಯಬೇಕು. ಇಷ್ಟು ಮಾಡಿದರೂ ಬರಿ ಪಂಪ್‌ನಿಂದ ಎದೆಗೆ ಇಳಿಯುವುದು ನೂರಕ್ಕೆ 10–20 ಪಾಲು. ಉಳಿದದ್ದು ಗಂಟಲಿಗೆ ಬಡಿದು ಹೊಟ್ಟೆಗೆ ಹೋಗುತ್ತದೆ.

ಬೆಳಗಾವಿ ಅತ್ತಿ, 8:57
ಅಯ್ಯ, ನಮ್ಮ ಓಣಿಯ ಮಾಸ್ತರರದ್ದು ಕೇಳಿರಿ. ಪುಡಿ ಎಳೆಯುವ ಪಂಪ್ ಕೊಟ್ಟಿದ್ದರು. ಅವರು ಅದರ ಕ್ಯಾಪ್ಸೂಲನ್ನು ಎರಡು ವರ್ಷ ಚಹಾ ಜೊತೆ ನುಂಗಿದ್ದಾರೆ 😂

ಜಮಖಂಡಿ ಕಾಕಾ, 8:59
ಅದಕ್ಕೇ ಗುಳಿಗೆ ವಾಸಿ. ನುಂಗಿದರೆ ಮುಗಿಯಿತು.

ನಾನು, 9:04
ಸಾಲ್ಬುಟಮಾಲ್‌ನ 4 ಮಿಲಿಗ್ರಾಂ ಗುಳಿಗೆ ಅಂದರೆ 40 ಸಲ ಪಂಪ್ ಒತ್ತಿದಷ್ಟು ಔಷಧ, ಕಾಕಾ. ಅದು ಹೊಟ್ಟೆಗೆ ಇಳಿದು, ರಕ್ತಕ್ಕೆ ಸೇರಿ, ಊರೆಲ್ಲ ಸುತ್ತಿ ಎದೆಗೆ ಬರಬೇಕು. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಒಂದು ಗಿಡ ಬಾಡಿದೆ ಅಂತ ಇಡೀ ಹೊಲಕ್ಕೆ ಕಾಲುವೆ ಬಿಟ್ಟ ಹಾಗೆ. ಪಂಪ್ ಸರಿಯಾಗಿ ಇಳಿದರೆ ಐದು ನಿಮಿಷದೊಳಗೆ ಉಸಿರು ಹಗುರ.

ತಮ್ಮಾ, ದಿನಾ ಬೆಳಿಗ್ಗೆ ಸಂಜೆ ತಗೊಳ್ಳುವ ಇನ್ನೊಂದು ಪಂಪ್ ಇತ್ತಲ್ಲ, ಸ್ಟಿರಾಯ್ಡ್ ಇರುವುದು. ಅದು ಎಲ್ಲಿ?

ಮುಧೋಳ ತಮ್ಮ, 9:06
ಅದರಿಂದ ದಮ್ಮು ಇಳಿಯುವುದಿಲ್ಲ ಅಂತ ಅಪ್ಪ ದೀಪಾವಳಿಗೇ ಬಿಟ್ಟರು ಅಕ್ಕ.

ನಾನು, 9:10
ಅದು ಬಂದ ದಮ್ಮನ್ನು ಆಗಲೇ ಇಳಿಸುವುದಲ್ಲ ಮಾರಾಯ, ಬರದಂತೆ ನೋಡಿಕೊಳ್ಳುವುದು. ಅದನ್ನು ಬಿಟ್ಟದ್ದಕ್ಕೇ ನೀಲಿ ಪಂಪ್ ಹತ್ತು ಸಲಕ್ಕೆ ಬಂದಿರಬೇಕು. ಹತ್ತು ಸಲ ಬೇಕಾಗುತ್ತಿದೆ ಅಂದರೆ ಸಣ್ಣ ಮಾತಲ್ಲ. ನಾಳೆಯೇ ಡಾಕ್ಟರಿಗೆ ತೋರಿಸು. ರಾತ್ರಿ ಎರಡು ಮಾತು ಆಡಲೂ ದಮ್ಮು ಕಟ್ಟಿದರೆ ಬೆಳಗಾಗುವ ದಾರಿ ನೋಡಬೇಡ, ಗಾಡಿ ತೆಗೆ.

ಜಮಖಂಡಿ ಕಾಕಾ, 9:13
ಮಷಿನ್ ಬೇಡ ಅಂತೀ. ಈ ವಯಸ್ಸಿನಲ್ಲಿ ಅಣ್ಣ ಎಳೆಯುವುದು, ಒತ್ತುವುದು ತಾಳ ಹಾಕಿ ಕಲಿಯುತ್ತಾನಾ?

ನಾನು, 9:19
ಈ ಮಾತು ಒಪ್ಪಿದೆ. ಅದಕ್ಕೇ ಸ್ಪೇಸರ್. ಡಬ್ಬಿಯೊಳಗೆ ಒಮ್ಮೆ ಒತ್ತಿದರೆ ಔಷಧ ಅಲ್ಲೇ ತೇಲುತ್ತದೆ, ದಪ್ಪ ಹನಿ ಡಬ್ಬಿಗೇ ಅಂಟುತ್ತದೆ, ಸಣ್ಣ ಹನಿ ಎದೆಗೆ ಹೋಗುತ್ತದೆ. ತಾಳ ತಪ್ಪಿದರೂ ನಡೆಯುತ್ತದೆ. ಒತ್ತಿದ ತಕ್ಷಣ ನಾಲ್ಕೈದು ಸಲ ಉಸಿರಾಡಿದರೆ ಸಾಕು.

ಅದೇನು ಬಂಗಾರದ್ದಲ್ಲ. 1999ರಲ್ಲಿ ದಕ್ಷಿಣ ಆಫ್ರಿಕಾದ ಡಾಕ್ಟರುಗಳು ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪ್‌ನ ಬಾಯಿ ಕೂಡುವಷ್ಟು ತೂತು ಮಾಡಿ, ಸುತ್ತ ಅಂಟು ಹಾಕಿ ಮಕ್ಕಳಿಗೆ ಕೊಟ್ಟು ನೋಡಿದರು. ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತು. ಅಂಟು ಹಾಕದ ಬಾಟಲಿ ಅಷ್ಟು ಚೆನ್ನಾಗಿ ಮಾಡಲಿಲ್ಲ.

ಮುಧೋಳ ತಮ್ಮ, 9:22
ಅಕ್ಕ, ಆ ಡಬ್ಬಿ ಒಂದು ಕಡೆ ಮುಖವಾಡದ ಹಾಗೆ ಇರುತ್ತದಾ? ಹೋದ ವರ್ಷ ಪಂಪ್ ಜೊತೆ ಒಂದು ಕೊಟ್ಟಿದ್ದರು. ಈಗ ನಮ್ಮ ಚಿಕ್ಕವನು ಅದನ್ನೇ ಕಹಳೆ ಮಾಡಿಕೊಂಡು ಊದುತ್ತಾ ತಿರುಗುತ್ತಿದ್ದಾನೆ.

ಜಮಖಂಡಿ ಕಾಕಾ, 9:23
😐

ನಾನು, 9:24
ಮೊದಲು ಅವನ ಕೈಯಿಂದ ಇಸಿದುಕೋ. ಬಿರುಕು ಬಿಟ್ಟಿದೆಯೇನು ನೋಡು. ಸಾಬೂನಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡು. ಬಟ್ಟೆಯಿಂದ ಒರೆಸಬೇಡ, ಉಜ್ಜಿದರೆ ಪ್ಲಾಸ್ಟಿಕ್ ಔಷಧವನ್ನು ತನಗೇ ಎಳೆದುಕೊಳ್ಳುತ್ತದೆ.

ಬೆಳಗಾವಿ ಅತ್ತಿ, 9:26
ನನ್ನ 500 ವಾಪಸ್ ಹಾಕಿರಿ ತಮ್ಮಾ.

ಮುಧೋಳ ತಮ್ಮ, 9:41
ಚಿಕ್ಕವನು ಕೊಡುತ್ತಿಲ್ಲ, ಅಳುತ್ತಿದ್ದಾನೆ. ಅಪ್ಪ ಅವನಿಗೆ ಹತ್ತು ರೂಪಾಯಿ ತೋರಿಸುತ್ತಿದ್ದಾರೆ.