ಬೀದಿ ಫೋಟೋದಲ್ಲಿ ನಮ್ಮ ಮನೆ: ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗೂಗಲ್ ಮ್ಯಾಪಿನಲ್ಲಿ ಬೀದಿ ಫೋಟೋ ತೋರಿಸುವ ಸ್ಟ್ರೀಟ್ ವ್ಯೂನಲ್ಲಿ ನಮ್ಮ ಬೀದಿ, ಮನೆ, ಗೇಟು ಎಲ್ಲ ಕಾಣುತ್ತಿದೆ ಅಂತ ಎರಡು ವಾರದಿಂದ ಗ್ರೂಪಿನಲ್ಲಿ ಅದೇ ಮಾತು. ಇವತ್ತು ಸಂಜೆ 6ರಿಂದ ವಕೀಲೆ ಮೇಡಂ ಉತ್ತರ ಕೊಡುತ್ತಾರೆ. ಫ್ಯಾಮಿಲಿ ಕೋರ್ಟ್ ಕೇಸು, ಸೈಬರ್ ಕೇಸು ಎರಡನ್ನೂ ನೋಡುವವರು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ವಿಜಯನಗರ: ಮೇಡಂ, ನಮ್ಮ ಅತ್ತೆ ಗೇಟಿನ ಮುಂದೆ ಕೂತು ರಂಗೋಲಿ ಹಾಕುತ್ತಿರುವುದು ಹಾಗೇ ಬಂದಿದೆ. ಮುಖ ಮಸುಕು ಮಾಡಿದ್ದಾರೆ. ಆದರೆ ಸೀರೆ ನೋಡಿದರೆ ಬೀದಿಯವರಿಗೆಲ್ಲ ಗೊತ್ತಾಗುತ್ತದೆ. ನಮ್ಮನ್ನು ಒಂದು ಮಾತು ಕೇಳದೆ ಹೀಗೆ ತೆಗೆಯಬಹುದಾ?

ವಕೀಲರು: ರಸ್ತೆಯಿಂದ ಮನೆಯ ಹೊರಭಾಗದ ಫೋಟೋ ತೆಗೆಯಬಾರದು ಅಂತ ನಮ್ಮಲ್ಲಿ ನೇರವಾಗಿ ಹೇಳುವ ಕಾನೂನು ಇಲ್ಲ. 2011ರಲ್ಲಿ ಈ ಫೋಟೋ ತೆಗೆಯುವ ಗೂಗಲ್ ಕಾರು ಬೆಂಗಳೂರಿನಲ್ಲಿ ಓಡಾಟ ಶುರು ಮಾಡಿತ್ತು. ಕೆಲವೇ ವಾರಗಳಲ್ಲಿ ಪೊಲೀಸರು ನಿಲ್ಲಿಸಿದರು. ಕಾರಣ ಭದ್ರತೆ, ನಿಮ್ಮ ಅತ್ತೆಯ ಖಾಸಗಿತನ ಅಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಯ ನಿಯಮ ಸಡಿಲಿಸಿತು. ಬೀದಿ ಚಿತ್ರೀಕರಣ ಮಾತ್ರ ಭಾರತದ ಕಂಪನಿಗಳೇ ಮಾಡಬೇಕು ಅಂತ ಇಟ್ಟಿತು. ಹಾಗಾಗಿ 2022ರ ಜುಲೈನಲ್ಲಿ ಬೆಂಗಳೂರು ಸೇರಿ 10 ಊರುಗಳಲ್ಲಿ ಸ್ಟ್ರೀಟ್ ವ್ಯೂ ಬಂದಾಗ, ಫೋಟೋಗಳು ಜೆನೆಸಿಸ್ ಇಂಟರ್‌ನ್ಯಾಷನಲ್ ಮತ್ತು ಟೆಕ್ ಮಹೀಂದ್ರ ಕಡೆಯಿಂದ ಬಂದವು.

ಹಾಗಂತ ನಿಮಗೆ ಹಕ್ಕೇ ಇಲ್ಲ ಅಂತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೂ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿ. ಆದರೆ ಅತ್ತೆಯ ಚಿತ್ರ ತೆಗೆಸಲು ಕೋರ್ಟಿಗೆ ಹೋಗುವುದು ಬೇಕಾಗಿಲ್ಲ. ಮಸುಕು ಮಾಡಿ ಅಂತ ಕೇಳಿದರೆ ಮಾಡುತ್ತಾರೆ.

ಹನುಮಂತನಗರ: ಅದು ಹೇಗೆ ಕೇಳುವುದು ಮೇಡಂ?

ವಕೀಲರು: ಆ ಫೋಟೋ ತೆರೆಯಿರಿ. ‘ಸಮಸ್ಯೆ ವರದಿ ಮಾಡಿ’ ಅನ್ನುವ ಆಯ್ಕೆ ಇದೆ. ಒತ್ತಿದರೆ ಫೋಟೋ ಮೇಲೆ ಒಂದು ಚೌಕ ಬರುತ್ತದೆ. ಮುಚ್ಚಬೇಕಾದ ಜಾಗ ಅದರೊಳಗೆ ಬರುವ ಹಾಗೆ ಫೋಟೋ ಸರಿಸಿ. ಮುಖವೋ, ಮನೆಯೋ, ಗಾಡಿ ನಂಬರೋ ಆರಿಸಿ. ಇಮೇಲ್ ಕೊಟ್ಟು ಕಳಿಸಿ. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಅದೇ ಮನೆ ಮೂರ್ನಾಲ್ಕು ಫೋಟೋಗಳಲ್ಲಿ ಇರುತ್ತದೆ. ಒಂದು ಸಲ ಮಸುಕು ಮಾಡಿಸಿದರೆ ಅದು ಶಾಶ್ವತ. ಆಮೇಲೆ ಬೇಡ ಅಂದರೆ ವಾಪಸ್ ಬರುವುದಿಲ್ಲ.

ರಾಜಾಜಿನಗರ: ಎಲ್ಲರೂ ದಯವಿಟ್ಟು ಓದಿ, ನಿಮ್ಮವರಿಗೆಲ್ಲ ಕಳಿಸಿ 🙏 ಗೇಟಿಗೆ ‘ಐಟಿ ಕಾಯ್ದೆ 66ಎ ಪ್ರಕಾರ ಈ ಮನೆಯ ಫೋಟೋ ತೆಗೆದರೆ 3 ವರ್ಷ ಜೈಲು’ ಅಂತ ಬೋರ್ಡ್ ಹಾಕಿ. ಕಾಂಪೌಂಡಿಗೆ ಎರಡು ಹಳೇ ಸಿಡಿ ತೂಗುಹಾಕಿದರೆ ಕ್ಯಾಮೆರಾಗೆ ಬೆಳಕು ಹೊಡೆದು ಫೋಟೋ ಬರುವುದಿಲ್ಲ.

ವಕೀಲರು: ಇದನ್ನು ಯಾರೂ ಮುಂದಕ್ಕೆ ಕಳಿಸಬೇಡಿ. 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಅದು ಇದ್ದಾಗಲೂ ಫೋಟೋಗೆ ಸಂಬಂಧವೇ ಇರಲಿಲ್ಲ, ಆನ್‌ಲೈನ್ ಸಂದೇಶಗಳ ಬಗ್ಗೆ ಇತ್ತು. ಸಿಡಿ ಹಾಕಿದರೆ ಕ್ಯಾಮೆರಾ ನಿಲ್ಲುವುದಿಲ್ಲ. ಬಿಸಿಲು ಹೊತ್ತಿನಲ್ಲಿ ತಿರುವಿನಲ್ಲಿ ಬರುವ ಸ್ಕೂಟರಿನವರ ಕಣ್ಣಿಗೆ ಹೊಡೆಯುತ್ತದೆ. ಯಾರಾದರೂ ಬಿದ್ದರೆ ನಿಮ್ಮ ತಲೆಗೇ ಬರುತ್ತದೆ.

ರಾಜಾಜಿನಗರ: ನನಗೆ ಬಂದಿದ್ದನ್ನು ಕಳಿಸಿದೆ ಮೇಡಂ. ತಪ್ಪೇನಿದೆ?

ವಕೀಲರು: ಓದದೆ ಕಳಿಸಿದ್ದು ತಪ್ಪು.

ಪದ್ಮನಾಭನಗರ: ಮನೆ ಮಸುಕು ಮಾಡಿಸುವುದು ಹೇಗೆ?

ವಕೀಲರು: ಮೇಲೆ ಇದೆ.

ಬಸವನಗುಡಿ: ನಮ್ಮ ಕಾಂಪೌಂಡ್ ಐದೂವರೆ ಅಡಿ. ರಸ್ತೆಯಲ್ಲಿ ನಡೆಯುವವರಿಗೆ ಹಿತ್ತಲು ಕಾಣುವುದಿಲ್ಲ. ಫೋಟೋದಲ್ಲಿ ಮಾತ್ರ ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಎಲ್ಲ ಕಾಣುತ್ತದೆ.

ವಕೀಲರು: ಒಳ್ಳೆಯ ಪ್ರಶ್ನೆ. ಕ್ಯಾಮೆರಾ ಕಾರಿನ ತಲೆ ಮೇಲೆ ಕಂಬದ ಮೇಲಿರುತ್ತದೆ. ಮನುಷ್ಯನ ಕಣ್ಣಿಗಿಂತ ಎತ್ತರ. ಜಪಾನಿನಲ್ಲಿ ಇದೇ ದೂರು ಬಂತು. 2009ರಲ್ಲಿ ಗೂಗಲ್ ಅಲ್ಲಿ ಕ್ಯಾಮೆರಾವನ್ನು 40 ಸೆಂಟಿಮೀಟರ್ ಇಳಿಸಿ ಮತ್ತೆ ಫೋಟೋ ತೆಗೆಯಿತು. ಅರ್ಜೆಂಟೀನಾದಲ್ಲಿ ಒಬ್ಬರು ಎತ್ತರದ ಗೋಡೆಯ ಹಿಂದೆ ತಮ್ಮ ಅಂಗಳದಲ್ಲಿ ಬಟ್ಟೆ ಇಲ್ಲದೆ ನಿಂತಿದ್ದು ಬಂದುಬಿಟ್ಟಿತ್ತು. ಅವರಿಗೆ ಪರಿಹಾರ ಕೊಡಿ ಅಂತ 2025ರಲ್ಲಿ ಅಲ್ಲಿಯ ಮೇಲ್ಮನವಿ ಕೋರ್ಟ್ ಹೇಳಿತು. ನಿಮ್ಮದು ಬರೀ ಹಿತ್ತಲಾದರೆ ಮಸುಕು ಮಾಡಿಸಿ, ಸಾಕು. ಸ್ನಾನದ ಜಾಗವೋ ಬಟ್ಟೆ ಬದಲಿಸುವ ಜಾಗವೋ ಕಂಡರೆ ನನಗೆ ಫೋನ್ ಮಾಡಿ, ಅದು ಬೇರೆ ಮಾತು.

ಮ್ಯೂನಿಕ್ ಕನ್ನಡಿಗ: ಮಸುಕು ಮಾಡಿಸುವ ಮುಂಚೆ ಯೋಚಿಸಿ ಅಂತ ಹೇಳುತ್ತೇನೆ. ಇಲ್ಲಿ ಜರ್ಮನಿಯಲ್ಲಿ 2010ರಲ್ಲಿ 20 ನಗರಗಳಿಂದ ಸುಮಾರು 2.44 ಲಕ್ಷ ಮನೆಯವರು ಬೇಡ ಅಂತ ಬರೆದುಕೊಟ್ಟರು. ಬೀದಿ ನೋಡುತ್ತಾ ಹೋದರೆ ನಡುನಡುವೆ ಮಂಜು ಕವಿದ ಹಾಗೆ ಮನೆಗಳು. ಎಸ್ಸೆನ್ ಊರಿನಲ್ಲಿ ಆ ಮಸುಕು ಮನೆಗಳನ್ನೇ ಹುಡುಕಿ ಮೊಟ್ಟೆ ಹೊಡೆದರು.

ಜೆ.ಪಿ. ನಗರ: ಅದನ್ನೇ ನಾನು ಹೇಳುತ್ತಿರುವುದು! ಬೀದಿಯಲ್ಲಿ ಒಂದೇ ಮನೆ ಮುಚ್ಚಿದ್ದರೆ ಕಳ್ಳನಿಗೆ ಇಲ್ಲೇ ಬಾ ಅಂತ ಕರೆದ ಹಾಗೆ ಅಲ್ವಾ?

ವಿಜಯನಗರ: ಮುಚ್ಚದೆ ಬಿಟ್ಟರೆ ಯಾವ ಕಿಟಕಿಗೆ ಗ್ರಿಲ್ ಇಲ್ಲ ಅಂತ ಮನೆಯಲ್ಲೇ ಕೂತು ನೋಡುತ್ತಾನೆ. ಅದು ಪರವಾಗಿಲ್ವಾ?

ಜೆ.ಪಿ. ನಗರ: ಕಳ್ಳ ಬೀದಿಯಲ್ಲಿ ನಡೆದರೂ ಕಾಣುತ್ತದೆ. ಇನ್ನೊಂದು ವಿಷಯ. ನಮ್ಮ ಮನೆಯ ಮೇಲಿನ ಪೋರ್ಷನ್ ಬಾಡಿಗೆಯವರು ನನ್ನನ್ನು ಕೇಳದೆ ಇಡೀ ಮನೆ ಮಸುಕು ಮಾಡಿಸಿದ್ದಾರೆ. ನಾಳೆ ಮನೆ ಮಾರಬೇಕಾದರೆ ನಾನೇನು ತೋರಿಸಲಿ? ಮನೆ ನನ್ನದು, ಪತ್ರ ನನ್ನ ಹೆಸರಲ್ಲಿದೆ.

ಮಲ್ಲೇಶ್ವರ: ಪತ್ರ ನಿಮ್ಮದು ಸರ್, ಬಾಲ್ಕನಿಯಲ್ಲಿ ಕಾಣುವುದು ಅವರ ಹೆಂಡತಿ ಮಕ್ಕಳು.

ಜೆ.ಪಿ. ನಗರ: ಹಾಗಾದರೆ ಅವರ ಮುಖ ಮಾತ್ರ ಮಸುಕು ಮಾಡಿಸಲಿ. ಮೂರು ವರ್ಷ ಇದ್ದು ಹೋಗುವವರು ಶಾಶ್ವತವಾಗಿ ಮುಚ್ಚಿ ಹೋಗುವುದಾ?

ಮಲ್ಲೇಶ್ವರ: ಹತ್ತು ತಿಂಗಳ ಅಡ್ವಾನ್ಸ್ ಇಟ್ಟುಕೊಂಡಾಗ ಈ ಲೆಕ್ಕ ಇರಲಿಲ್ವಾ?

ಅಡ್ಮಿನ್: ಬಾಡಿಗೆ ಜಗಳ ಬೇರೆ ಗ್ರೂಪಿನಲ್ಲಿ ಮಾಡಿ.

ಹನುಮಂತನಗರ: ಪಕ್ಕದ ಮನೆಯವರ ಸಿಸಿಟಿವಿ ನಮ್ಮ ಅಡುಗೆ ಮನೆ ಕಿಟಕಿಗೆ ತಿರುಗಿದೆ. ಇದಕ್ಕೆ ಏನು ಮಾಡುವುದು?

ಕೋರಮಂಗಲ: ಆ ಕಾರು ವೈಫೈ ಕದಿಯುತ್ತದೆ ಅಂತ ಫಾರ್ವರ್ಡ್ ಬಂದಿತ್ತು. ಇದೂ ಸುಳ್ಳೇ ತಾನೆ?

ವಕೀಲರು: ಹಿಂದೆ ನಡೆದ ಸಂಗತಿ. ಹೊರದೇಶಗಳಲ್ಲಿ ಓಡುತ್ತಿದ್ದ ಕಾರುಗಳು ಪಾಸ್‌ವರ್ಡ್ ಇಲ್ಲದ ವೈಫೈಗಳಿಂದ ಡೇಟಾ ತೆಗೆದುಕೊಂಡಿದ್ದನ್ನು 2010ರಲ್ಲಿ ಗೂಗಲ್ಲೇ ಒಪ್ಪಿಕೊಂಡಿತು. 2013ರಲ್ಲಿ ಅಮೆರಿಕದ 38 ರಾಜ್ಯಗಳಿಗೆ 70 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ನಿಮ್ಮ ವೈಫೈಗೆ ಪಾಸ್‌ವರ್ಡ್ ಇಡಿ.

ಅಡ್ಮಿನ್: ಒಬ್ಬ ಸದಸ್ಯೆ ಹೆಸರು ಬೇಡ ಅಂದಿದ್ದಾರೆ. ಅವರ ಪ್ರಶ್ನೆ ಹಾಗೇ ಹಾಕುತ್ತಿದ್ದೇನೆ: ‘ನಾನು ಗಂಡನನ್ನು ಬಿಟ್ಟು ಮಗನ ಜೊತೆ ಬಾಡಿಗೆ ಮನೆಯಲ್ಲಿ ಇದ್ದೇನೆ. ಅವರು ಹೊಡೆಯುತ್ತಿದ್ದರು. ಮನೆ ಎಲ್ಲಿ ಅಂತ ಅವರಿಗೆ ಗೊತ್ತಿಲ್ಲ. ಏರಿಯಾ ಯಾರೋ ಹೇಳಿದ್ದಾರೆ. ಫೋಟೋದಲ್ಲಿ ನಾನಿಲ್ಲ. ಗೇಟಿನ ಮುಂದೆ ನನ್ನ ಸ್ಕೂಟರ್ ಇದೆ. ನಂಬರ್ ಮಸುಕಾಗಿದೆ. ಆದರೆ ಸೀಟು ಹರಿದಿದ್ದ ಕಡೆ ನನ್ನ ಹಳೇ ಚೂಡಿದಾರದ ಬಟ್ಟೆ ಇಟ್ಟು ನಾನೇ ಹೊಲಿದಿದ್ದೇನೆ. ನೀಲಿ ಮೇಲೆ ಹಳದಿ ಹೂವು. ಅವರು ಅದನ್ನು ದಿನಾ ನೋಡಿದವರು. ಒಂದೊಂದೇ ರಸ್ತೆ ಫೋನಿನಲ್ಲಿ ನೋಡುತ್ತಾ ಬಂದರೆ ನಾನು ಸಿಗುತ್ತೇನೆ ಅಲ್ವಾ?’

ವಕೀಲರು: ಅಮ್ಮಾ, ಮಿಕ್ಕವರ ಪ್ರಶ್ನೆ ಆಮೇಲೆ. ಮೊದಲು ನಿಮ್ಮದು.

ಹೌದು, ಹಾಗೆ ಹುಡುಕಿದರೆ ಸಿಗಬಹುದು. ಸುಮ್ನೆ ಧೈರ್ಯ ಹೇಳುವುದಿಲ್ಲ. ಯಂತ್ರ ಮುಖ ಮುಚ್ಚುತ್ತದೆ, ನಂಬರ್ ಪ್ಲೇಟ್ ಮುಚ್ಚುತ್ತದೆ. ಹೂವಿನ ಬಟ್ಟೆ ನಿಮ್ಮದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಜೊತೆಯಲ್ಲಿ ಬಾಳಿದವರಿಗೆ ಮುಖ ಬೇಕಾಗಿಲ್ಲ.

ಆದರೆ ಫೋಟೋಗಿಂತ ಮೊದಲು ನಿಮ್ಮ ಫೋನಿನ ಬಗ್ಗೆ ಹೇಳಿ. ಆ ಫೋನು ಯಾರು ಕೊಡಿಸಿದ್ದು? ಅದರ ಗೂಗಲ್ ಅಕೌಂಟ್ ಯಾರು ಮಾಡಿಕೊಟ್ಟಿದ್ದು? ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ಅಕೌಂಟ್ ಗಂಡನೇ ಮಾಡಿಕೊಟ್ಟಿರುತ್ತಾನೆ, ಪಾಸ್‌ವರ್ಡ್ ಅವನಿಗೆ ಬಾಯಿಪಾಠ. ಹಾಗಿದ್ದರೆ ಆತ ಬೀದಿ ಬೀದಿ ಹುಡುಕಬೇಕಾಗಿಲ್ಲ. ಕಳೆದ ಫೋನು ಹುಡುಕುವ ಸೌಲಭ್ಯದಲ್ಲೇ ನೀವು ಈಗ ಎಲ್ಲಿದ್ದೀರಿ ಅಂತ ನೋಡಬಹುದು. ಮ್ಯಾಪಿನಲ್ಲಿ ಲೊಕೇಶನ್ ಹಂಚಿಕೆ ಆನ್ ಇದೆಯಾ ಅಂತಲೂ ನೋಡಬೇಕು. ಬೀದಿ ಫೋಟೋ ಹಳೆಯದು, ತೆಗೆದ ತಿಂಗಳು ಮೂಲೆಯಲ್ಲಿ ಬರೆದಿರುತ್ತದೆ. ಲೊಕೇಶನ್ ಈ ಕ್ಷಣದ್ದು. ನನಗೆ ಜಾಸ್ತಿ ಭಯ ಅದರದ್ದೇ.

ಈಗಲೇ ಎಲ್ಲ ಆಫ್ ಮಾಡಬೇಡಿ. ಆತನ ಫೋನಿಗೆ ಸೂಚನೆ ಹೋಗಬಹುದು, ಸಿಟ್ಟಿನಲ್ಲಿ ಎದ್ದು ಬರಬಹುದು. ಮೊದಲು ನಂಬಿಕೆಯವರ ಫೋನಿನಿಂದ ನನಗೆ ಕರೆ ಮಾಡಿ. ಎದುರಲ್ಲಿ ಕೂತು, ಒಂದೊಂದಾಗಿ ನೋಡೋಣ.

ಮಸುಕು ಮಾಡಲು ಬಾಡಿಗೆಯವರೂ ಕೇಳಬಹುದು, ಅದು ನೀವಿರುವ ಮನೆ. ಗೆಳತಿಯ ಫೋನಿನಿಂದ, ಆತನಿಗೆ ಗೊತ್ತಿಲ್ಲದ ಹೊಸ ಇಮೇಲ್‌ನಿಂದ ಕಳಿಸಿ. ಗೇಟು, ಸ್ಕೂಟರ್ ಎರಡೂ ಚೌಕದೊಳಗೆ ಬರಲಿ. ಎದುರು ಕ್ರಾಸಿನಿಂದಲೂ ನೋಡಿ, ಅಲ್ಲಿಂದಲೂ ಗೇಟು ಕಾಣಬಹುದು. ಹಳೆಯ ತಾರೀಖಿನ ಫೋಟೋಗಳಿದ್ದರೆ ಅವನ್ನೂ ತೆರೆದು ನೋಡಿ. ಬೀದಿ ಫೋಟೋ ತೋರಿಸುವುದು ಗೂಗಲ್ ಒಂದೇ ಅಲ್ಲ, ಮ್ಯಾಪ್‌ಮೈಇಂಡಿಯಾದ ರಿಯಲ್‌ವ್ಯೂ ಬೇರೆ, ಮ್ಯಾಪಿಲರಿ ಬೇರೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಮುಚ್ಚುವುದಿಲ್ಲ. ಇದೆಲ್ಲ ಆಗಲು ದಿನ ಹಿಡಿಯುತ್ತದೆ. ಅದನ್ನೇ ನಂಬಿ ಕೂರಬೇಡಿ.

ಸೀಟ್ ಕವರ್ ಇವತ್ತೇ ಬದಲಿಸಿ, ಗಾಡಿ ಒಳಗೆ ನಿಲ್ಲಿಸಿ. ಮಗನ ಶಾಲೆಗೆ ಹೋಗಿ, ನನ್ನ ಹೊರತು ಯಾರ ಜೊತೆಗೂ ಕಳಿಸಬೇಡಿ ಅಂತ ಬರೆದುಕೊಡಿ. ಫೋಟೋ ಏನೇ ಆಗಲಿ, ಇದು ನಾಳೆ ಬೆಳಿಗ್ಗೆಯೇ ಆಗಬೇಕು.

2005ರ ಕೌಟುಂಬಿಕ ಹಿಂಸೆ ಕಾಯ್ದೆಯ 18ನೇ ಕಲಂನಲ್ಲಿ ರಕ್ಷಣಾ ಆದೇಶ ಕೇಳಬಹುದು. ಆತ ನಿಮ್ಮನ್ನು ಯಾವ ರೀತಿಯಲ್ಲೂ ಸಂಪರ್ಕಿಸದಂತೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಬೇಡ ಅಂದರೂ ಹಿಂಬಾಲಿಸಿ ಬಂದರೆ ಅದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ. ದುಡ್ಡಿನ ಯೋಚನೆ ಬೇಡ. ಆದಾಯ ಎಷ್ಟಿದ್ದರೂ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ಆತ ಬಾಗಿಲಿಗೆ ಬಂದರೆ ಬಾಗಿಲು ತೆಗೆಯಬೇಡಿ, 112.

ಜೆ.ಪಿ. ನಗರ: ಪಾಪ. ಮೇಡಂ, ನನ್ನ ಬಾಡಿಗೆಯವರ ವಿಷಯಕ್ಕೆ ಉತ್ತರ?

ನಾಗರಭಾವಿ: ನೀಲಿ ಹೂವಿನ ಸೀಟಿನ ಸ್ಕೂಟರ್ ನಾನು ನೋಡಿದ್ದೇನೆ ಅನ್ನಿಸುತ್ತದೆ. ನಮ್ಮ ಹಿಂದಿನ ರಸ್ತೆ, ಬೇಕರಿ ಪಕ್ಕ, ಹಸಿರು ಗೇಟು ಅಲ್ವಾ? ಬೇಕಾದರೆ ಲಿಂಕ್ ಹಾಕುತ್ತೇನೆ, ಎಲ್ಲರೂ ಸೇರಿ ರಿಪೋರ್ಟ್ ಮಾಡೋಣ.

ವಕೀಲರು: ತೆಗೆಯಿರಿ ಅದನ್ನು. ಈಗಲೇ. ಅಡ್ಮಿನ್, ಇವರ ಮೆಸೇಜನ್ನೂ ಡಿಲೀಟ್ ಮಾಡಿ, ಆ ಸದಸ್ಯೆಯ ಪ್ರಶ್ನೆಯನ್ನೂ ಡಿಲೀಟ್ ಮಾಡಿ. ಬಟ್ಟೆಯ ಬಣ್ಣ ಇಲ್ಲಿ ಹಾಕಬಾರದಿತ್ತು. ನಾನು ಅದನ್ನು ನೋಡಿದ ತಕ್ಷಣ ಹೇಳಬೇಕಿತ್ತು, ಉತ್ತರ ಬರೆಯುವ ಆತುರದಲ್ಲಿ ಹೇಳಲಿಲ್ಲ. ನನ್ನದೂ ತಪ್ಪು.

ನಾಗರಭಾವಿ: ಸಹಾಯ ಮಾಡೋಣ ಅಂತ ಹೇಳಿದೆ. ಯಾಕೆ ಹೀಗೆ ಕೂಗುತ್ತೀರಿ?

ವಕೀಲರು: ಈ ಗ್ರೂಪಿನಲ್ಲಿ ನಾನೂರು ಜನ ಇದ್ದಾರೆ. ಅದರಲ್ಲಿ ಯಾರು ಯಾರ ಅಣ್ಣ, ಯಾರ ಆಫೀಸಿನವರು ಅಂತ ನಿಮಗೆ ಗೊತ್ತಾ? ಊರಿಗೇ ಕ್ಯಾಮೆರಾ ಇಟ್ಟವರು ಮಾಡದ್ದನ್ನು ನೀವು ಎರಡು ಸಾಲಿನಲ್ಲಿ ಮಾಡಿದಿರಿ. ಬೇಕರಿ, ಹಸಿರು ಗೇಟು, ಇನ್ನೇನು ಬೇಕು ಒಬ್ಬನಿಗೆ?

ಅಡ್ಮಿನ್: ಎರಡೂ ತೆಗೆದಿದ್ದೇನೆ ಮೇಡಂ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅಳಿಸಿಹಾಕಿ, ಕೈ ಮುಗಿಯುತ್ತೇನೆ.

ರಾಜಾಜಿನಗರ: ಫಾರ್ವರ್ಡ್ ಮಾಡಿದವರಿಗೆ ಬೈಗುಳ, ಸಹಾಯ ಮಾಡಿದವರಿಗೂ ಬೈಗುಳ. ಹೀಗಾದರೆ ಗ್ರೂಪಿನಲ್ಲಿ ಯಾರು ಮಾತಾಡುತ್ತಾರೆ?

ಮಲ್ಲೇಶ್ವರ: ಸ್ವಲ್ಪ ಹೊತ್ತು ಮಾತಾಡದೆ ಇರಿ ಸರ್. ಒಬ್ಬ ಹೆಣ್ಣುಮಗಳ ಜೀವದ ಪ್ರಶ್ನೆ.

ರಾಜಾಜಿನಗರ: ನೀವು ಹೇಳಿಕೊಡಬೇಡಿ.

*ನಾಗರಭಾವಿ ಗ್ರೂಪ್ ಬಿಟ್ಟು ಹೋಗಿದ್ದಾರೆ.*

ಪದ್ಮನಾಭನಗರ: ಮೇಡಂ, ಮನೆ ಮಸುಕು ಮಾಡುವ ವಿಧಾನ ಎಲ್ಲಿದೆ? ಮೇಲೆ ಹೋದರೆ ಸಿಗುತ್ತಿಲ್ಲ.

ಹನುಮಂತನಗರ: ನನ್ನ ಸಿಸಿಟಿವಿ ಪ್ರಶ್ನೆ ಹಾಗೇ ಉಳಿದಿದೆ.

ವಕೀಲರು: ಆ ಸದಸ್ಯೆಯ ಕರೆ ಬಂತು, ಗೆಳತಿಯ ಫೋನಿನಿಂದ. ನಾನು ಈಗ ಹೊರಡುತ್ತಿದ್ದೇನೆ. ಅಡ್ಮಿನ್, ರಾತ್ರಿ ಗ್ರೂಪ್ ಮುಚ್ಚಿಡಿ, ನೀವು ಮಾತ್ರ ಬರೆಯುವ ಹಾಗೆ ಮಾಡಿ.

ಜೆ.ಪಿ. ನಗರ: ನಾಳೆ ಉತ್ತರ ಕೊಡುತ್ತೀರಾ ಮೇಡಂ?