ಶಹಾಬಾದ್ ಕಲ್ಲಿನ ಸ್ಟೇಷನ್, ಎರೆಹೊಲ, ಜಾಲಿ ಮರ: ಎನ್ ಸ್ಕೇಲ್‌ನಲ್ಲಿ ಹೇಗೆ?

ಸೇಡಂರಸ್ತೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಮೇಲೆ ಎನ್ ಸ್ಕೇಲ್ ಎಂಬ ಪುಟ್ಟ ಅಳತೆಯ ಮಾದರಿ ರೈಲಿನ ಹಳಿ ಹಾಕಿದ್ದೇನೆ. ಒಂದು ಸುತ್ತು, ಇನ್ನೊಂದು ಗಾಡಿಗೆ ದಾರಿ ಬಿಡಲು ಪಕ್ಕದಲ್ಲಿ ಒಂದು ಲೂಪ್ ಲೈನ್, ಗೂಡ್ಸ್ ಗಾಡಿ ನಿಲ್ಲಲು ಒಂದು ಸೈಡಿಂಗ್. ಗಾಡಿ ತಪ್ಪದೆ ಓಡುತ್ತಿದೆ, ಆ ಮಟ್ಟಿಗೆ ನೆಮ್ಮದಿ. ಹಳೆಯ ಸೆಟ್ ಕೊಂಡಾಗ ಅದರ ಜೊತೆ ಜರ್ಮನಿಯ ಹಳ್ಳಿಮನೆಗಳ ಕಿಟ್ ಬಂದಿತ್ತು. ಹಿಮ ಜಾರಲೆಂದು ಮಾಡಿದ ಕಡಿದಾದ ಕೆಂಪು ಮಾಡು, ಪ್ರತಿ ಕಿಟಕಿಗೂ ಹೂಕುಂಡ. ಜೋಡಿಸಿ ಇಟ್ಟೆ. ನಮ್ಮ ಮಾವನವರು ನೋಡಿ, ‘ಈ ಗಾಡಿ ಯಾವ ದೇಶಕ್ಕೆ ಹೋಗುತ್ತದೆ?’ ಎಂದು ಕೇಳಿದರು. ಅಂದೇ ಎಲ್ಲವನ್ನೂ ಡಬ್ಬಿಗೆ ಸೇರಿಸಿದೆ.

ನನಗೆ ಬೇಕಾಗಿರುವುದು ಕಲಬುರಗಿಗೂ ವಾಡಿಗೂ ನಡುವೆ ಎಲ್ಲೋ ಇರಬಹುದಾದ ಒಂದು ಸಣ್ಣ ಸ್ಟೇಷನ್. ಊರು ಕಲ್ಪನೆಯದು, ಆದರೆ ನೋಡಿದವರು ‘ಇದು ನಮ್ಮ ಕಡೆಯದೇ’ ಎನ್ನಬೇಕು. ವಿದ್ಯುತ್ ತಂತಿ ಬರುವ ಮುಂಚಿನ ಡೀಸೆಲ್ ಕಾಲ. ಕಲ್ಲು ಪಾಲಿಶ್ ಮಾಡುವ ಕಡೆ ಪರಿಚಯದವರಿದ್ದಾರೆ. ಶಹಾಬಾದ್ ಕಲ್ಲಿನ ಚೂರು, ಪುಡಿ ಎಷ್ಟು ಬೇಕಾದರೂ ಕೊಡುತ್ತಾರೆ. ಆ ಚೂರುಗಳನ್ನೇ ಸಣ್ಣಗೆ ಕೊಯ್ದು ಗೋಡೆ ಕಟ್ಟಬಹುದೇ? ಹೊಲಕ್ಕೆ ನಿಜವಾದ ಎರೆಮಣ್ಣನ್ನೇ ಹಾಕಿದರೆ ಹೇಗೆ? ತೊಗರಿ ಬೆಳೆ, ಜಾಲಿ, ಬೇವು ಹೇಗೆ ಮಾಡುವುದು? ಹೊರದೇಶದ ಹುಲ್ಲು, ಪೊದೆಯ ಪೊಟ್ಟಣಗಳ ಬೆಲೆ ಕೇಳಿಯೇ ಸಾಕಾಗಿದೆ. ಇಲ್ಲಿಯ ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಸಾಮಾನಿನಲ್ಲೇ ಆಗಬೇಕು.

ವಾಡಿ_ಕಾಕಾ ಉತ್ತರ:

ತಮ್ಮಾ, ಕಲ್ಲಿನ ಚೂರನ್ನು ಗೋಡೆಗೆ ಅಂಟಿಸುವ ಯೋಚನೆ ಬಿಟ್ಟುಬಿಡು. ಎನ್ ಸ್ಕೇಲ್ ಎಂದರೆ 1:160. ಅಲ್ಲಿ ಒಂದು ಮಿಲಿಮೀಟರ್ ಹದಿನಾರು ಸೆಂಟಿಮೀಟರಿಗೆ ಸಮ. ಎಷ್ಟೇ ತೆಳ್ಳಗೆ ಕೊಯ್ದರೂ ಮೂರು ಮಿಲಿಮೀಟರಿನ ಚೂರು ಅರ್ಧ ಮೀಟರ್ ದಪ್ಪದ ಬಂಡೆಯಾಗುತ್ತದೆ, ನಿನ್ನ ಸ್ಟೇಷನ್ ಹೋಗಿ ಕೋಟೆಯಾಗುತ್ತದೆ. ಕಲ್ಲನ್ನು ನೀನು ಒಡೆಯಬಹುದು, ಅದರ ಕಣವನ್ನೂ ಹೊಳಪನ್ನೂ ಕುಗ್ಗಿಸಲು ಆಗುವುದಿಲ್ಲ. ಕಲ್ಲಿನಿಂದ ಬಣ್ಣ ತೆಗೆದುಕೊ, ಪುಡಿ ತೆಗೆದುಕೊ, ಕಲ್ಲನ್ನು ಮಾತ್ರ ಅಲ್ಲಿಯೇ ಬಿಟ್ಟು ಬಾ.

ನಕ್ಷೆ ಬರೆಯುವ ಕೆಲಸದಲ್ಲೇ ಆಯುಷ್ಯ ಸವೆಸಿದವನು ನಾನು, ಆದ್ದರಿಂದ ಗೋಡೆಯ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಎಸೆಯಬೇಡ. ಅಷ್ಟು ಗಟ್ಟಿಯಾದ, ನುಣುಪಾದ ಕಾರ್ಡು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಎರಡು ಪದರ ಸೇರಿಸಿ ಅಂಟಿಸಿ, ಭಾರ ಹೇರಿ ಒಂದು ರಾತ್ರಿ ಬಿಡು. ಬಾಗಿಲು ಕಿಟಕಿಗಳನ್ನು ಮೊದಲೇ ಕತ್ತರಿಸಿಕೊ: ಏಳಡಿಯ ಬಾಗಿಲು ಹದಿಮೂರು ಮಿಲಿಮೀಟರಿನಷ್ಟಾಗುತ್ತದೆ. ಒಳಮೂಲೆಗಳಿಗೆ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಪಟ್ಟಿಯ ಆನಿಕೆ ಕೊಡದಿದ್ದರೆ ಅಂಟಿನ ತೇವಕ್ಕೆ ಗೋಡೆ ಸೊಟ್ಟಗಾಗುತ್ತದೆ. ನಂತರ ಗೋಡೆಗೆ ಬಳಿಯುವ ಬಿಳಿ ಪುಟ್ಟಿಯನ್ನು ಫೆವಿಕಾಲ್ ಬೆರೆಸಿದ ನೀರಿನಲ್ಲಿ ಕಲಸಿ, ಬ್ರಷ್‌ನಿಂದ ತೆಳ್ಳಗೆ ಎಳೆ. ಅದು ಪೂರ್ತಿ ಒಣಗುವ ಮುನ್ನ ಒಂದು ಹದಕ್ಕೆ ಬರುತ್ತದೆ: ಉಗುರು ಒತ್ತಿದರೆ ಗುರುತು ಬೀಳಬೇಕು, ಉಗುರಿಗೆ ಅಂಟಬಾರದು. ಆ ಹದದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಸೂಜಿಯಿಂದ ಅಡ್ಡಗೆರೆ ಎಳೆಯಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಕಲ್ಲು ಪದರ ಪದರವಾಗಿ ಏಳುವ ಸುಣ್ಣಕಲ್ಲು. ಅದರಿಂದ ಕಟ್ಟಿದ ಗೋಡೆಯಲ್ಲಿ ಕಲ್ಲುಗಳು ಚಪ್ಪಟೆಯಾಗಿ, ಉದ್ದುದ್ದವಾಗಿ ಮಲಗಿರುತ್ತವೆ. ಇಟ್ಟಿಗೆಯಂತೆ ಎಲ್ಲ ಸಾಲೂ ಒಂದೇ ಎತ್ತರ ಇರುವುದಿಲ್ಲ. ಆದ್ದರಿಂದ ಒಂದು ಗೆರೆ ಮುಕ್ಕಾಲು ಮಿಲಿಮೀಟರಿಗೆ, ಮತ್ತೊಂದು ಒಂದೂಕಾಲಿಗೆ ಬರಲಿ. ಉದ್ದಗೆರೆ ಕಡಿಮೆ ಇರಲಿ, ಅವು ಒಂದರ ಕೆಳಗೊಂದು ಬೀಳಬಾರದು. ಬಣ್ಣ ಬರಿಯ ಬೂದಿಯಲ್ಲ, ಅದರಲ್ಲಿ ನೀಲಿಯ ಛಾಯೆ ಇರುತ್ತದೆ, ನಡುನಡುವೆ ಹಳದಿಗೆ ತಿರುಗಿದ ಕಲ್ಲುಗಳಿರುತ್ತವೆ. ಮೊದಲು ಎಲ್ಲಕ್ಕೂ ನೀಲಿಬೂದಿ ಕೊಟ್ಟು, ನಾಲ್ಕಾರು ಕಲ್ಲುಗಳಿಗೆ ಮಾತ್ರ ಮಣ್ಣುಹಳದಿ ತಾಕಿಸು. ಕಪ್ಪು ಬಣ್ಣವನ್ನು ಗೆರೆಗಳಲ್ಲಿ ತುಂಬಬೇಡ. ಸಿಮೆಂಟ್ ಪಾಯಿಂಟಿಂಗ್ ಮಾಡಿದ ಗೋಡೆಯಲ್ಲಿ ಸಂದುಗಳು ಕಲ್ಲಿಗಿಂತ ತಿಳಿಯಾಗಿ ಕಾಣುತ್ತವೆ. ವಾಡಿಯ ಕಡೆ ಹೋಗುವಾಗ ಗಾಡಿಯಿಂದಲೇ ನೋಡಿಕೊ.

ಸ್ಟೇಷನ್ನಿನ ಮಾಡು ಸಮತಟ್ಟಾಗಿರಲಿ. ಗೋಡೆಯಿಂದ ಎರಡು ಮಿಲಿಮೀಟರ್ ಹೊರಚಾಚಿದ ಚಪ್ಪಡಿಯ ಅಂಚು ಇರಲಿ. ಅದರ ನೆರಳು ಗೋಡೆಯ ಮೇಲೆ ಬಿದ್ದಾಗಲೇ ಅದು ಕಟ್ಟಡ ಎನಿಸುವುದು. ಸ್ಟೇಷನ್ ಹಿಂದಿನ ಮನೆಗಳ ಕಾಂಪೌಂಡಿಗೆ ಗೋಡೆ ಬೇಡ, ಕಾರ್ಡಿನ ತುಂಡುಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸು. ಶಹಾಬಾದ್ ಸುತ್ತಮುತ್ತ ಚಪ್ಪಡಿಗಳನ್ನೇ ಹಾಗೆ ಬೇಲಿಯಾಗಿ ಹೂಳುತ್ತಾರಲ್ಲ. ಒಂದೆರಡು ವಾಲಿರಲಿ.

ಪ್ಲಾಟ್‌ಫಾರಂ: ನಮ್ಮ ರೈಲ್ವೆಯ ಹೈ ಲೆವೆಲ್ ಪ್ಲಾಟ್‌ಫಾರಂ ಹಳಿಯ ತಲೆಯಿಂದ 760ರಿಂದ 840 ಮಿಲಿಮೀಟರ್ ಎತ್ತರ. ಇಳಿಸಿದರೆ ಐದು ಮಿಲಿಮೀಟರ್ ಬರುತ್ತದೆ, ಅಂದರೆ ಒಂದು ಸನ್‌ಬೋರ್ಡಿನ ದಪ್ಪ. ಆದರೆ ಆ ಅಳತೆ ಹಲಗೆಯಿಂದಲ್ಲ, ಹಳಿಯ ತಲೆಯಿಂದ; ಹಳಿ, ಅದರ ಕೆಳಗಿನ ಅಡ್ಡಪಟ್ಟಿಗಳಾದ ಸ್ಲೀಪರ್‌ಗಳ ಎತ್ತರಕ್ಕೆ ಸರಿಯಾದ ಅಡಿಪಟ್ಟಿ ಕೆಳಗೆ ಬೇಕು. ಉದ್ದದ ಆಸೆ ಬಿಡು. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಉದ್ದನೆಯ ಬೋಗಿಗಳು ಇಪ್ಪತ್ತನಾಲ್ಕು ಇರುವ ಗಾಡಿಗೆ ಈ ಸ್ಕೇಲ್‌ನಲ್ಲೂ ಮೂರೂವರೆ ಮೀಟರ್ ಬೇಕು, ನಿನ್ನ ಹಲಗೆ ಎರಡು ಮೀಟರ್ ಕೂಡ ಇಲ್ಲ. ಐದು ಬೋಗಿಯ ಪ್ಯಾಸೆಂಜರ್ ಗಾಡಿ ನಿಲ್ಲುವಷ್ಟಿದ್ದರೆ ಸಾಕು. ಅಂಚು ಎಲ್ಲಿ ಬರಬೇಕೆಂಬುದನ್ನು ಪುಸ್ತಕದಿಂದ ತೆಗೆಯಬೇಡ. ನಿನ್ನಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಿಂದ ತಳ್ಳುತ್ತಾ, ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಗುರುತು ಮಾಡಿಕೊ. ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಗೆ ಬರುತ್ತದೆ, ಮೂಲೆ ಹೊರಗೆ ಹೋಗುತ್ತದೆ.

ನಿನ್ನ ಪರಿಚಯದವರ ಪುಡಿ ಕೆಲಸಕ್ಕೆ ಬರುವುದು ಇಲ್ಲಿ. ಸ್ಟೇಷನ್ ಅಂಗಳಕ್ಕೆ, ಗೂಡ್ಸ್ ಕಟ್ಟೆಗೆ ಅಂಟು ಬಳಿದು, ಒಣಪುಡಿಯನ್ನು ಮೇಲಿನಿಂದ ಜರಡಿ ಹಿಡಿ. ಒಣಗಿದ ಮೇಲೆ ಉಳಿದದ್ದನ್ನು ಕೊಡವು. ಪುಡಿಯ ಮೇಲೆ ಅಂಟುನೀರು ಸುರಿದರೆ ಬಣ್ಣ ಕಪ್ಪಿಡುತ್ತದೆ, ನಮ್ಮ ಬಿಸಿಲಿನ ಆ ಬಿಳಿಚು ಹೋಗಿಬಿಡುತ್ತದೆ.

ಕೆಮ್ಮಣ್ಣು_ಬೀದರ್ ಉತ್ತರ:

ಕಾಕಾ ಗೋಡೆಯ ವಿಷಯದಲ್ಲಿ ಹೇಳಿದ್ದಕ್ಕೆ ನನ್ನ ಸಹಿ ಇದೆ. ನೆಲದ ವಿಷಯದಲ್ಲಿ ಮಾತ್ರ ನಾನು ನಿಜವಾದ ಮಣ್ಣಿನ ಪಕ್ಷ. ನನ್ನ ಮಾದರಿ ರೈಲಿನ ಲೇಔಟ್ ಬೀದರ್ ಮಾರ್ಗದ್ದು, ಕೆಂಪು ಜಂಬಿಟ್ಟಿಗೆಯ ನೆಲ. ಆ ಕೆಂಪನ್ನು ಯಾವ ಬಣ್ಣದ ಡಬ್ಬಿಯೂ ನನಗೆ ಕೊಟ್ಟಿಲ್ಲ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ಮಾರ್ಗದ ಮರಗುತ್ತಿ ಸುರಂಗವನ್ನೂ ಮಾಡಬೇಕೆಂದು ಹೊರಟೆ. ಒಂದೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗ 1:160ರಲ್ಲಿಯೂ ಒಂಬತ್ತು ಮೀಟರ್ ದಾಟುತ್ತದೆ, ಅಂದರೆ ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಹೊರಬೀಳಬೇಕು. ಬಾಯಿ ಮಾತ್ರ ಮಾಡಿ, ಒಳಗೆ ಒಂದು ಗೇಣು ಕಪ್ಪು ಬಳಿದಿದ್ದೇನೆ. ಯಾರೂ ಆ ತುದಿ ಎಲ್ಲಿ ಎಂದು ಕೇಳಿಲ್ಲ.

ಮಣ್ಣು ತಂದವರು ಮೊದಲು ಅದನ್ನು ಹಳೆಯ ತವೆಯ ಮೇಲೆ ಚೆನ್ನಾಗಿ ಹುರಿಯಬೇಕು, ಹುಳು ಬೀಜ ಏನಿದ್ದರೂ ಸಾಯಲಿ. ಆಮೇಲೆ, ಇದನ್ನು ದಯವಿಟ್ಟು ಮರೆಯಬೇಡಿ, ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯ ಮೇಲೆಲ್ಲ ಆಡಿಸಿ. ಹಳ್ಳದ ಮರಳಿನಲ್ಲಿ, ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶದ ಕಪ್ಪು ಕಣಗಳಿರುತ್ತವೆ. ಇಂಜಿನ್ನಿನ ಮೋಟಾರಿನೊಳಗೆ ಅಯಸ್ಕಾಂತ ಇದೆ, ಅದು ಹಳಿಯ ಪಕ್ಕದ ಈ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಚೀಲವನ್ನು ತಿರುವಿ ಹಾಕಿದರೆ ಕಣಗಳು ಉದುರುತ್ತವೆ. ಏನೂ ಅಂಟದವರೆಗೆ ಮತ್ತೆ ಮತ್ತೆ ಆಡಿಸಿ.

ಎರೆಮಣ್ಣನ್ನು ಕಲಸಿ ಮೆತ್ತಲೇಬೇಡಿ. ಒಣಗುವಾಗ ಅದು ಕುಗ್ಗಿ ಬಿರಿಯುವುದು ಹುಟ್ಟುಗುಣ. ಹೊಲದಲ್ಲಿ ಚೆಂದ, ಇಲ್ಲಿ ಒಂದು ಮಿಲಿಮೀಟರ್ ಬಿರುಕು ಎಂದರೆ ಎಮ್ಮೆಯ ಕಾಲು ಸಿಕ್ಕಿಕೊಳ್ಳುವ ಕಂದಕ. ಮೊದಲು ಹಲಗೆಗೆ ಕಪ್ಪುಗಂದು ಬಣ್ಣ, ಅದರ ಮೇಲೆ ಅಂಟು, ಅದರ ಮೇಲೆ ಹಿಟ್ಟಿನ ಜರಡಿಯಲ್ಲಿ ಸೋಸಿದ ಒಣಮಣ್ಣು.

ಜಲ್ಲಿಯ ಬಗ್ಗೆ ಯಾರೂ ಹೇಳಲಿಲ್ಲ. ನಿಜವಾದ ಹಳಿಗೆ ಹಾಕುವ ಜಲ್ಲಿ 20ರಿಂದ 65 ಮಿಲಿಮೀಟರ್, ಆದ್ದರಿಂದ ನಮಗೆ ಬೇಕಾದದ್ದು ಅರ್ಧ ಮಿಲಿಮೀಟರಿಗಿಂತ ಸಣ್ಣ ಕರಿಕಲ್ಲಿನ ಪುಡಿ. ಕ್ರಷರ್ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಹಾಯಿಸಿ, ಮತ್ತೆ ತೆಳು ಬಟ್ಟೆಯಲ್ಲಿ ಹಾಯಿಸಿ ಧೂಳನ್ನು ಬೇರೆ ಮಾಡಿ. ಹರಡಿ, ಬ್ರಷ್‌ನಿಂದ ಸ್ಲೀಪರ್ ಮೇಲಿನದನ್ನು ಸರಿಸಿ, ಮೊದಲು ನೀರು ಸಿಂಪಡಿಸಿ, ನಂತರ ಫೆವಿಕಾಲ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ ಡ್ರಾಪರಿನಿಂದ ಬಿಡಿ. ಸೋಪಿಲ್ಲದಿದ್ದರೆ ಹನಿ ಒಳಗಿಳಿಯದೆ ಪುಡಿಯನ್ನೇ ಉಂಡೆಗಟ್ಟಿಸುತ್ತದೆ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳ ಚಲಿಸುವ ಹಳಿಯ ಹತ್ತಿರ ಅಂಟು ಸುಳಿಯಬಾರದು.

ಗಿರಿನಾಡು ಉತ್ತರ:

ಯಾದಗಿರಿಯಿಂದ ಬರೆಯುತ್ತಿದ್ದೇನೆ. ಹಳಿ, ಇಂಜಿನ್ನು ನನ್ನ ಮಗನ ಖಾತೆ. ಗಿಡ, ಬೆಳೆ ನನ್ನದು.

ತೊಗರಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ತೆಗೆದುಕೊಳ್ಳಿ. ಆಳೆತ್ತರದ ಗಿಡ ನಿಮ್ಮ ಸ್ಕೇಲ್‌ನಲ್ಲಿ ಹತ್ತು ಮಿಲಿಮೀಟರ್. ಅಷ್ಟು ಎತ್ತರದ, ಎರಡು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಕತ್ತರಿಸಿ, ಮೇಲಿನ ಅಂಚನ್ನು ಚಿಮಟದಿಂದ ಕೀಳುತ್ತಾ ಹೋಗಿ. ನೇರ ಅಂಚು ಉಳಿದರೆ ಅದು ಪಾರ್ಕಿನ ಬೇಲಿಯೇ ಹೊರತು ಬೆಳೆಯಲ್ಲ. ಸಾಲುಗಳ ನಡುವೆ ಆರು ಮಿಲಿಮೀಟರ್ ಬಿಡಿ, ಕಪ್ಪು ನೆಲ ಕಾಣಲಿ. ಹೂ ಬಿಟ್ಟ ಹೊಲ ಬೇಕಾದರೆ ತುದಿಗೆ ಅಂಟು ತಾಕಿಸಿ ಹಳದಿ ಚಾಕ್‌ಪುಡಿ ಉದುರಿಸಿ. ಕೈಗೆ ಸಿಗುತ್ತದೆಂದು ಅರಿಶಿನ ಹಾಕಬೇಡಿ, ಬೆಳಕಿಗೆ ಅದರ ಬಣ್ಣ ಬೇಗ ಹಾರುತ್ತದೆ. ನನಗೆ ಕೇಳಿದರೆ ಜನವರಿಯ ಹೊಲವೇ ಚೆಂದ. ಬೆಳೆ ಕೊಯ್ದು ಮುಗಿದಿರುತ್ತದೆ, ಮೋಟು ಸಾಲುಗಳಿರುತ್ತವೆ, ಮನೆಯ ಪಕ್ಕ ತೊಗರಿ ಕಟ್ಟಿಗೆಯ ಬಣವೆ. ಹಳೆಯ ಬಣ್ಣದ ಬ್ರಷ್‌ನ ಕೂದಲು ಕತ್ತರಿಸಿ ಕಟ್ಟು ಕಟ್ಟಿ ಒಟ್ಟಿದರೆ ಬಣವೆ ತಯಾರು.

ಮರಕ್ಕೆ ಹಳೆಯ ವೈರಿನ ತಾಮ್ರದ ಎಳೆಗಳು. ಬುಡದಲ್ಲಿ ಎಲ್ಲವನ್ನೂ ಸೇರಿಸಿ ತಿರುಚಿ, ಮೇಲೆ ಹೋದಂತೆ ಎರಡೆರಡಾಗಿ ಬಿಡಿಸಿ. ಕಾಂಡಕ್ಕೆ ಪುಟ್ಟಿ ಮತ್ತು ಅಂಟು ಬಳಿದರೆ ತಂತಿಯ ಸುರುಳಿ ಮುಚ್ಚುತ್ತದೆ. ಬೇವು ಬುಡದಿಂದ ತುದಿಗೆ ಏಳೆಂಟು ಸೆಂಟಿಮೀಟರ್ ಇರಲಿ. ಎಲ್ಲರೂ ಮರವನ್ನು ಕುಳ್ಳ ಮಾಡುತ್ತಾರೆ, ಆಮೇಲೆ ಸ್ಟೇಷನ್ನೇ ದೊಡ್ಡದಾಯಿತು ಎನ್ನುತ್ತಾರೆ. ಎಲೆಗೆ ಹಾಸಿಗೆಯ ಸ್ಪಂಜನ್ನು ನೀರು ಹಾಕಿ ಮಿಕ್ಸರ್‌ನಲ್ಲಿ ಅರೆದು, ಪೋಸ್ಟರ್ ಬಣ್ಣದಲ್ಲಿ ಕಲಸಿ ಒಣಗಿಸಿ. ಚಟ್ನಿ ಮಾಡುವ ಜಾರನ್ನು ಮುಟ್ಟಬೇಡಿ, ಮನೆಯಲ್ಲಿ ಶಾಂತಿ ಇರಬೇಕಲ್ಲ. ಜಾಲಿಗೆ ಮೇಲ್ಭಾಗ ಚಪ್ಪಟೆ, ಎಲೆ ವಿರಳ, ಆಚೆಯ ಆಕಾಶ ಕಾಣಬೇಕು. ಅಂಗಡಿಯಲ್ಲಿ ಸಿಗುವ ಹಸಿರು ತುಂಬ ಹಸಿರು. ಅದಕ್ಕೆ ಮಣ್ಣುಬಣ್ಣ ಸೇರಿಸಿ, ಇನ್ನೂ ಸ್ವಲ್ಪ ಸೇರಿಸಿ.

ಗುಡ್ಡಕ್ಕೆ ಥರ್ಮೋಕಾಲ್ ಬಳಸುವುದಾದರೆ ಸ್ಪ್ರೇ ಡಬ್ಬಿಯ ಬಣ್ಣ ಹೊಡೆಯಬೇಡಿ, ಕರಗಿ ಗುಂಡಿ ಬೀಳುತ್ತದೆ. ರಬ್ಬರ್ ಅಂಟೂ ಹಾಗೆಯೇ. ಫೆವಿಕಾಲ್, ನೀರಿನ ಬಣ್ಣ, ಇಷ್ಟೇ.

ಸೇಡಂರಸ್ತೆ:

ಕಾಕಾ, ಅಕ್ಕಾ, ಬೀದರ್ ಅಣ್ಣನವರೇ, ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದೀರಿ. ಜನವರಿಯ ಹೊಲ ಎಂದು ನಿಶ್ಚಯಿಸಿದೆ. ಇನ್ನೆರಡು ಮಾತು. ಹಿಂದಿನ ಪರದೆಯ ಬಳಿ ಸಿಮೆಂಟ್ ಕಾರ್ಖಾನೆಯ ನೆರಳಾದರೂ ಕಾಣಬೇಕು, ಇಲ್ಲದಿದ್ದರೆ ವಾಡಿಯ ಕಡೆ ಎನಿಸುವುದಿಲ್ಲ. ಆದರೆ ಅಲ್ಲಿ ನಾಲ್ಕು ಇಂಚು ಜಾಗವೂ ಇಲ್ಲ. ಮತ್ತೊಂದು: ಏಪ್ರಿಲ್, ಮೇ ತಿಂಗಳಲ್ಲಿ ಈ ಕೋಣೆ ಕಾದು ಹೋಗುತ್ತದೆ, ಹಳಿಗಳು ಏಳುತ್ತವೆಯೇ?

ವಾಡಿ_ಕಾಕಾ:

ಹಳಿಯ ಜೋಡಣೆಗಳಲ್ಲಿ ಎಲ್ಲವನ್ನೂ ಬೆಸುಗೆ ಹಾಕಬೇಡ. ಮೀಟರಿಗೊಂದು ಕಡೆಯಾದರೂ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಇರಲಿ, ಅದಕ್ಕೆ ವೈರಿನಿಂದ ಕರೆಂಟ್ ಕೊಡು. ಹಲಗೆಯ ಅಡಿಭಾಗಕ್ಕೂ ಬಣ್ಣ ಬಳಿ. ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಹಳಿಗಿಂತ ಹೆಚ್ಚು ಆಟ ಆಡುವುದು ಮರವೇ.

ಕಾರ್ಖಾನೆಗೆ ನಾಲ್ಕು ಇಂಚು ಯಾಕೆ? 90 ಮಿಲಿಮೀಟರಿನ ಪಿವಿಸಿ ಪೈಪು ನಿನ್ನ ಸ್ಕೇಲ್‌ನಲ್ಲಿ ಹದಿನಾಲ್ಕು ಮೀಟರ್ ಅಗಲದ ಸಿಲೋ, ಅಂದರೆ ಸಿಮೆಂಟ್ ತುಂಬಿಡುವ ದೊಡ್ಡ ಕಣಜ. ಅದನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ ಪರದೆಗೆ ಒತ್ತಿ ನಿಲ್ಲಿಸು. ಎರಡು ಸಿಲೋ ಆಯಿತು, ಎರಡು ಇಂಚು ಕೂಡ ಹೋಗಲಿಲ್ಲ. ಮರಳು ಕಾಗದದಿಂದ ಹೊಳಪು ತೆಗೆದು ತಿಳಿಬೂದಿ ಬಳಿ, ಬಣ್ಣ ಸ್ಟೇಷನ್ನಿಗಿಂತ ಮಸುಕಾಗಿರಲಿ, ದೂರ ಹೋದಂತೆ ಕಾಣುತ್ತದೆ. ಮೇಲೊಂದು ಕನ್ವೇಯರ್ ಸೇತುವೆಯನ್ನು ಕಾರ್ಡಿನಲ್ಲೇ ಮಾಡಿ ಪರದೆಯೊಳಗೆ ಹೊಕ್ಕಂತೆ ತೋರಿಸು. ಕೊನೆಯಲ್ಲಿ ಬೂದುಬಣ್ಣದ ಚಾಕ್‌ಪುಡಿಯನ್ನು ಆ ಕಡೆಯ ಮಾಡುಗಳಿಗೆ, ಜಾಲಿ ಎಲೆಗಳಿಗೆ ಮೆತ್ತನೆಯ ಬ್ರಷ್‌ನಿಂದ ಸವರು.

ಸ್ಟೇಷನ್ ಹೆಸರಿನ ಹಳದಿ ಹಲಗೆಯನ್ನು ಕಂಪ್ಯೂಟರಿನಲ್ಲಿ ಮಾಡಿ ಫೋಟೋ ಕಾಗದದ ಮೇಲೆ ಮುದ್ರಿಸು, ಕೈಯಲ್ಲಿ ಬರೆಯುವ ಸಾಹಸ ಬೇಡ. ಕಪ್ಪು ಅಕ್ಷರ, ಮೇಲೆ ಕನ್ನಡ, ಆಮೇಲೆ ಹಿಂದಿ, ಇಂಗ್ಲಿಷ್. ಊರಿಗೆ ಏನು ಹೆಸರಿಟ್ಟೆ ಎಂದು ಇನ್ನೂ ಹೇಳಿಲ್ಲ ನೀನು. ಗೋಡೆಗೆ ಪುಟ್ಟಿ ಬಿದ್ದ ಮೇಲೆ, ಬಣ್ಣ ಹಚ್ಚುವ ಮುಂಚೆ ಒಂದು ಫೋಟೋ ಹಾಕು, ಗೆರೆ ನೋಡಿ ಹೇಳುತ್ತೇನೆ.